ಕೈ ನೋಡುವ ಕೆಲಸ

ಚೆಕಿಂಗ್ ಸಾಹೇಬ ಅನ್ನುವುದು ಬಸ್ಸಿನ ಕಂಡಕ್ಟರುಗಳು ಅವನಿಗೆ ಇಟ್ಟ ಹೆಸರು. ಟಿಕೆಟ್ ತಪಾಸಣೆಯ ಇನ್ಸ್‌ಪೆಕ್ಟರಾಗಿ ಇಡೀ ಸರ್ವೀಸು ಕಳೆದ ಮನುಷ್ಯ. ತೆಳ್ಳನೆ ಮೈ, ನೆಟ್ಟಗಿನ ಬೆನ್ನು, ಸಂಜೆಯಾದರೂ ಇಸ್ತ್ರಿ ಮುರಿಯದ ಅಂಗಿ. ನಿಲ್ದಾಣವೇ ಅಲ್ಲದ ಜಾಗದಲ್ಲಿ, ಯಾವುದೋ ಮರದ ಮರೆಯಿಂದ ಈಚೆ ಬಂದು ಕೈ ಅಡ್ಡ ಹಿಡಿಯುತ್ತಿದ್ದ. ಹಿಂದಿನ ಬಾಗಿಲಿಂದ ಹತ್ತಿ ಮುಂದಿನ ಬಾಗಿಲು ಮುಟ್ಟುವಷ್ಟರಲ್ಲಿ ಬಸ್ಸಿನೊಳಗೆ ಉಸಿರಾಡಿದ ಸದ್ದೂ ಕೇಳುತ್ತಿರಲಿಲ್ಲ.

ಟಿಕೆಟ್ ಇಲ್ಲದವರನ್ನು ಹಿಡಿಯುವುದು ಅವನ ಕೆಲಸ. ಆದರೆ ಅವನಿಗೆ ರುಚಿ ಇದ್ದದ್ದು ಹಿಡಿದ ಮೇಲಿನದರಲ್ಲಿ. "ಹುಡುಕಿ, ಹುಡುಕಿ, ನನಗೇನೂ ಅವಸರ ಇಲ್ಲ" ಎಂದು ಪಕ್ಕದಲ್ಲೇ ನಿಂತುಬಿಡುತ್ತಿದ್ದ. ಸಿಕ್ಕಿಬಿದ್ದವರು ಚೀಲ ಸುರಿದು, ಜೇಬು ಮಗುಚಿ, ಸೀಟಿನ ಕೆಳಗೆ ಬಗ್ಗಿ ನೋಡಿ, ಕೊನೆಗೆ ಅಳುಮುಖ ಮಾಡುವವರೆಗೆ ಅವನು ಕಾಯುತ್ತಿದ್ದ. ಒಮ್ಮೆ ಜ್ವರ ಬಂದ ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಸಿಕ್ಕಳು. ಮಗುವಿಗೆ ಟಿಕೆಟ್ ತೆಗೆದಿರಲಿಲ್ಲ. ಸಾಹೇಬ ಮಗುವನ್ನು ಎಬ್ಬಿಸಿ, ಕಂಬಕ್ಕೆ ಒರಗಿಸಿ ನಿಲ್ಲಿಸಿ, ಎತ್ತರ ಅಳೆದ. ಟಿಕೆಟ್ ಬೇಕಾಗುವ ಎತ್ತರಕ್ಕೆ ಕಂಬದ ಮೇಲೆ ಹಾಕಿದ್ದ ಗುರುತಿಗಿಂತ ಎರಡು ಬೆರಳು ಹೆಚ್ಚಿತ್ತು. ಮನೆಯೂ ಇಲ್ಲ ಅಂಗಡಿಯೂ ಇಲ್ಲ ಅನ್ನುವಂಥ ಬಯಲಲ್ಲಿ ತಾಯಿ ಮಗು ಇಬ್ಬರನ್ನೂ ಇಳಿಸಿದ. ಸಂಜೆ ಊಟಕ್ಕೆ ಕೂತು ಆ ಕತೆಯನ್ನು ನಗುತ್ತಾ ಹೇಳಿದ. ಹೆಂಡತಿ ನೀರು ತರುವ ನೆಪದಲ್ಲಿ ಎದ್ದು ಹೋದಳು. ಇನ್ನೂ ಚಿಕ್ಕವಳಾಗಿದ್ದ ಮಗಳು ಕೇಳಿದಳು: "ಆಮೇಲೆ ಅವರು ಮನೆಗೆ ಹೇಗೆ ಹೋದ್ರಪ್ಪ?"

"ಹೇಗೋ ಹೋದ್ರು. ನನಗೇನು ಗೊತ್ತು. ಊಟ ಮಾಡು."

ಮುಂದಿನ ಸೀಟುಗಳ ವಿಷಯ ಬೇರೆ. ಅಲ್ಲಿ ಇಲಾಖೆಯ ದೊಡ್ಡವರೋ ಅವರ ಕಡೆಯವರೋ ಕೂತಿದ್ದರೆ ಸಾಹೇಬ "ಆರೋಗ್ಯವಾ ಸಾರ್, ಮನೇಲೆಲ್ಲ ಚೆನ್ನಾಗಿದ್ದಾರಾ" ಎಂದು ಸೊಂಟ ಬಗ್ಗಿಸಿ ಮುಂದೆ ಸರಿಯುತ್ತಿದ್ದ. ಅವರ ಹತ್ತಿರ ಟಿಕೆಟ್ ಇತ್ತೋ ಇಲ್ಲವೋ ಅದು ಕೊನೆಗೂ ಯಾರಿಗೂ ತಿಳಿಯುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ತಪಾಸಣೆಗೆ ಮನೆ ಸಿಕ್ಕಿತು. ಹಾಲು ಎಷ್ಟು ಉಕ್ಕಿತು, ದೀಪ ಯಾರು ಆರಿಸಲಿಲ್ಲ, ಸೋಪು ಇಷ್ಟು ಬೇಗ ಹೇಗೆ ಸವೆಯಿತು. ಹೆಂಡತಿ ಒಂದು ದಿನ ಕೈಯಲ್ಲಿದ್ದ ಸೌಟನ್ನು ಒಲೆಯ ಪಕ್ಕ ಇಟ್ಟು ಹೇಳಿದಳು: "ರೀ, ಎಲ್ಲಾದ್ರೂ ಒಂದು ಕೆಲಸ ನೋಡ್ಕೊಳ್ರೀ. ನನ್ನ ಜೀವ ಉಳೀಲಿ."

ಕೆಲಸ ತಾನಾಗಿ ಬಂತು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ವಾರ್ಡಿಗೆ ಬಂದವರು ಕೈಕಾಲು ಸರಿಮಾಡಿಸಿಕೊಂಡು ಹೋಗುವ ಬದಲು ಕೀವು ಹತ್ತಿಸಿಕೊಂಡು ಹೋಗತೊಡಗಿದ್ದರು. ಒಬ್ಬ ರೋಗಿಯ ಸೋಂಕು ಇನ್ನೊಬ್ಬನಿಗೆ ದಾಟದಂತೆ ನೋಡಿಕೊಳ್ಳಲು ಅಲ್ಲಿ ಒಬ್ಬ ನರ್ಸಮ್ಮ ಇದ್ದರು. ಎಲ್ಲರೂ ಅವರನ್ನು ಸೋಂಕಿನ ಸಿಸ್ಟರ್ ಎನ್ನುತ್ತಿದ್ದರು. ಕಾಯಿಲೆ ದಾಟುತ್ತಿರುವುದು ಆಸ್ಪತ್ರೆಯವರ ಕೈಗಳಿಂದಲೇ ಎಂದು ಅವರಿಗೆ ಖಾತ್ರಿಯಾಗಿತ್ತು. ಒಬ್ಬರನ್ನು ಮುಟ್ಟಿ, ತೊಳೆಯದೆ, ಇನ್ನೊಬ್ಬರನ್ನು ಮುಟ್ಟುವ ಕೈಗಳು. ಅದನ್ನು ಕೂತು ನೋಡುವುದಕ್ಕೆ ಒಬ್ಬರು ಬೇಕು ಎಂದು ಆಡಳಿತದವರನ್ನು ಒಪ್ಪಿಸಿದರು. ಆಮೇಲೆ ಸೀದಾ ಸಾಹೇಬನ ಮನೆಗೆ ಬಂದರು.

"ನನ್ನ ಗುರುತು ನಿಮಗೆ ಸಿಗಲ್ಲ" ಅಂದರು. "ಓದೋ ಕಾಲದಲ್ಲಿ ಪಾಸು ಮರೆತಿದ್ದೆ ಅಂತ ನನ್ನ ಬಸ್ಸಿಂದ ಇಳಿಸಿದ್ರಿ. ಪರೀಕ್ಷೆ ತಪ್ಪಿ ಹೋಯ್ತು. ಎಷ್ಟು ಅತ್ತರೂ ಕೇಳ್ಲಿಲ್ಲ. ಈಗ ನನಗೆ ಅಂಥೋರೇ ಬೇಕಾಗಿದ್ದಾರೆ. ಯಾರ ಮುಖಾನೂ ನೋಡದೇ ಇರೋರು."

ಸಾಹೇಬನಿಗೆ ಅದು ಸನ್ಮಾನದ ಮಾತಿನಂತೆ ಕೇಳಿಸಿತು.

ಕಲಿಯಬೇಕಾದ್ದು ಹೆಚ್ಚೇನೂ ಇರಲಿಲ್ಲ. ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆಯಬೇಕು, ಮುಟ್ಟಿದ ಮೇಲೆ ತೊಳೆಯಬೇಕು. ನೀರು ದೂರವಿದ್ದರೆ ಪ್ರತಿ ಹಾಸಿಗೆಯ ಕಾಲ ಬಳಿ ತೂಗುಹಾಕಿದ ಬಾಟಲಿಯ ದ್ರವವನ್ನು ಉಜ್ಜಿಕೊಂಡರೂ ಆದೀತು. ಗ್ಲೌಸು ಹಾಕಿದ್ದರೆ ರೋಗಿಯಿಂದ ರೋಗಿಗೆ ಅದು ಬದಲಾಗಲೇಬೇಕು. ಸಾಹೇಬ ಕಂಬದ ಪಕ್ಕ ಸ್ಟೂಲು ಹಾಕಿಕೊಂಡು, ಯಾರೋ ರೋಗಿಯ ಕಡೆಯವನಂತೆ ಪೇಪರ್ ಬಿಡಿಸಿ ಕೂತ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಸಿಕ್ಕವರನ್ನು ನಡು ವಾರ್ಡಿನಲ್ಲಿ ನಿಲ್ಲಿಸಿದ.

"ಸಿಸ್ಟರ್, ಆ ಬೆಡ್ಡಿಂದ ಈ ಬೆಡ್ಡಿಗೆ ಬಂದ್ರಿ. ನಡುವೆ ಏನೋ ಮರೆತ್ರಿ. ಏನದು? ಗಟ್ಟಿಯಾಗಿ ಹೇಳಿ, ರೋಗಿಗಳೂ ಕೇಳ್ಲಿ."

ಸೋಂಕಿನ ಸಿಸ್ಟರ್ ಎರಡು ಸಲ ಕರೆದು ಹೇಳಿದರು. "ಅವರನ್ನ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿ, ನಮಗೆ ಬೇಕಿರೋದು ಅವರ ಮರ್ಯಾದೆ ತೆಗೆಯೋದಲ್ಲ, ಕೈ ತೊಳೆಯೋದು." ಸಾಹೇಬ "ನಾಚಿಕೆಯಾದ್ರೆ ತಾನೇ ನೆನಪಿರೋದು" ಎಂದ. ನೆಲ ಒರೆಸುವ ಆಯಾ ಒಬ್ಬಳ ಅಂಗೈ ಫಿನಾಯಿಲಿನಿಂದ ಬಿರಿದು ಕೆಂಪಗಾಗಿತ್ತು. ಬಾಟಲಿಯ ದ್ರವ ಬಿದ್ದರೆ ಬೆಂಕಿ ಬಿದ್ದಂತೆ ಆಗುತ್ತದೆ ಎಂದು ಅವಳು ಕೈ ಬಿಡಿಸಿ ತೋರಿಸಿದಳು. "ಉರಿದ್ರೆ ಕೆಲಸ ಬಿಡಮ್ಮ" ಎಂದ. ಅವಳು ಅವನ ಕಣ್ಣೆದುರೇ ದ್ರವ ಸುರಿದುಕೊಂಡು, ಹಲ್ಲು ಕಚ್ಚಿ ಉಜ್ಜಿದಳು. ಪೂರ್ತಿ ಉಜ್ಜುವವರೆಗೂ ಅವನು ಪೇಪರಿಗೆ ಕಣ್ಣು ಇಳಿಸಲಿಲ್ಲ.

ಅವನು ಸ್ಟೂಲಿನ ಮೇಲಿದ್ದಾಗ ವಾರ್ಡಿನ ಕೈಗಳೆಲ್ಲ ಒದ್ದೆಯಾಗಿಯೇ ಇರುತ್ತಿದ್ದವು. ಅವನು ಚಹಾಕ್ಕೆ ಹೋದರೆ ಬಾಟಲಿಗಳನ್ನು ಕೇಳುವವರಿರಲಿಲ್ಲ.

ಇನ್ನು ದೊಡ್ಡ ಡಾಕ್ಟರು. ವಾರ್ಡಿನ ಮುಖ್ಯಸ್ಥರು. ಒಳ್ಳೆಯ ಕೈಗುಣ, ಇಂಪಾದ ದನಿ. ಮುರಿದ ಮೂಳೆಯನ್ನು ಅವರು ಕೂಡಿಸಿದರೆ ಎಲ್ಲಿ ಮುರಿದಿತ್ತು ಎಂದು ಹುಡುಕಬೇಕು ಎಂದು ಜನ ಹೇಳುತ್ತಿದ್ದರು. ಅವರಿಗೆ ಆ ದ್ರವ ಆಗುತ್ತಿರಲಿಲ್ಲ, ಚರ್ಮ ಒಣಗುತ್ತದೆ ಎನ್ನುತ್ತಿದ್ದರು. ಹಿಂದೆ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು, ಒಂದು ಹಾಸಿಗೆಯಲ್ಲಿ ಗಾಯ ಒತ್ತಿ ನೋಡಿ, ಅದೇ ಕೈಯಲ್ಲಿ ಮುಂದಿನ ಹಾಸಿಗೆಯವರ ಕೆನ್ನೆ ತಟ್ಟಿ ಮಾತಾಡಿಸುತ್ತಿದ್ದರು. ಮೊದಲ ಸಲ ಅದನ್ನು ಕಂಡ ದಿನ ಸಾಹೇಬ ಸ್ಟೂಲು ಬಿಟ್ಟು ಎದ್ದ. ವಾರ್ಡಿನಲ್ಲಿದ್ದವರೆಲ್ಲ ಕೈಕೆಲಸ ನಿಲ್ಲಿಸಿ ನೋಡಿದರು. ಸಾಹೇಬ ಎದೆಯ ಮೇಲೆ ಕೈಯಿಟ್ಟು "ನಮಸ್ಕಾರ ಸಾರ್" ಎಂದು ಮತ್ತೆ ಕೂತ.

ಗಾಯಗಳಿಗೆ ಪಟ್ಟಿ ಕಟ್ಟುವ ಹಿರಿಯ ನರ್ಸೊಬ್ಬರಿದ್ದರು. ಡ್ರೆಸಿಂಗ್ ಸಿಸ್ಟರ್. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಅಂದು ಟ್ರೇ ಹಿಡಿದು ಹಾದುಹೋಗುವಾಗ ಅವನ ಪಕ್ಕ ನಿಂತು ಕೇಳಿದರು: "ಬಸ್ಸಲ್ಲೂ ಹೀಗೇನಾ? ಹಿಂದಿನ ಸೀಟಿನೋರನ್ನ ಮಾತ್ರ ಹಿಡೀತಿದ್ರಾ?"

ಸಾಹೇಬನ ಕಿವಿ ಕೆಂಪಾಯಿತು. ಅಂದಿನಿಂದ ಡ್ರೆಸಿಂಗ್ ಸಿಸ್ಟರ್ ಮೇಲೆ ದಿನಕ್ಕೊಂದು ದೂರು ಹೋಗತೊಡಗಿತು. ವಾಚು ಬಿಚ್ಚಲಿಲ್ಲ, ಉಗುರು ಬಿಟ್ಟಿದ್ದಾರೆ, ಉಜ್ಜಿದ್ದು ಸಾಲದು. ಅವರು ಎಲ್ಲರಿಗಿಂತ ಚೆನ್ನಾಗಿ ತೊಳೆಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ಸಾಹೇಬನ ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ನಡುವಯಸ್ಸಿನ ಹೆಂಗಸರು, ಗಂಡಂದಿರಿಂದ ಬೈಸಿಕೊಂಡು ಸ್ಟಿಯರಿಂಗ್ ಮುಟ್ಟಲೂ ಹೆದರುವವರು, ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, "ಹೋಗಿ ಅಕ್ಕ, ನಾನಿದ್ದೀನಿ" ಎನ್ನುತ್ತಿದ್ದಳು. ಮದುವೆ ಬೇಡ ಎಂದು ಅಪ್ಪನ ಜೊತೆ ಜಗಳವಾಡಿ ಗೆದ್ದಿದ್ದಳು. ಸ್ವಂತ ಸ್ಕೂಲು ತೆರೆಯುವ ಯೋಚನೆಯಿತ್ತು. ಒಂದು ದಿನ ಹಿಂದಕ್ಕೆ ತೆಗೆಯುವುದನ್ನು ಕಲಿಸಲು ಕಾರಿನ ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದಾಗ, ಕಲಿಯುತ್ತಿದ್ದಾಕೆ ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿಬಿಟ್ಟಳು. ಗೋಡೆಗೂ ಬಂಪರಿಗೂ ನಡುವೆ ಇವಳ ಬಲಮೊಣಕಾಲಿನ ಚಿಪ್ಪು ಒಡೆಯಿತು. ಆಸ್ಪತ್ರೆಗೆ ತಂದಾಗಲೂ ಅವಳು ಹೇಳುತ್ತಿದ್ದದ್ದು ಒಂದೇ: "ಪಾಪ, ಆ ಅಕ್ಕ ತುಂಬ ಹೆದರಿದ್ದಾರೆ, ಅವರನ್ನ ಯಾರಾದ್ರೂ ಮನೆಗೆ ಬಿಡಿ."

ಚಿಪ್ಪಿನ ಚೂರುಗಳನ್ನು ದೊಡ್ಡ ಡಾಕ್ಟರೇ ತಂತಿ ಬಿಗಿದು ಕೂಡಿಸಿದರು. "ನಮ್ಮ ಇನ್ಸ್‌ಪೆಕ್ಟರ ಮಗಳು ಅಂದ್ರೆ ನಮ್ಮ ಮನೆ ಮಗಳು" ಎಂದರು. ಆ ಮಾತನ್ನು ಸಾಹೇಬ ಮನೆಯಲ್ಲಿ, ಬೀದಿಯಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲೆಡೆ ಹೇಳಿದ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಇನ್ನೊಂದೆರಡು ತಿಂಗಳಲ್ಲಿ ಕಾಲು ಮೊದಲಿನಂತೆ ಮಡಚುತ್ತದೆ ಎಂದಿದ್ದರು.

ಪಟ್ಟಿ ಬಿಚ್ಚಿ ನೋಡುವ ದಿನ ಸಾಹೇಬ ಮಗಳ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ. ಆಚೆಯ ಹಾಸಿಗೆಯಲ್ಲಿ ಒಬ್ಬ ಮುದುಕ, ಪಾದ ಕೊಳೆತು ಕೀವು ಸೋರುತ್ತಿತ್ತು. ದೊಡ್ಡ ಡಾಕ್ಟರು ಗ್ಲೌಸು ಹಾಕಿದ ಬೆರಳಿನಿಂದ ಆ ಪಾದವನ್ನು ಒತ್ತಿ, ಕೀವು ಎಲ್ಲಿಂದ ಬರುತ್ತಿದೆ ಎಂದು ನೋಡಿ, ಜೊತೆಗಿದ್ದವರಿಗೆ ವಿವರಿಸಿದರು. ಅಷ್ಟರಲ್ಲಿ ಫೋನು ಬಂತು. ಮಾತಾಡುತ್ತಲೇ ಈಚೆ ಬಂದು ಮಗಳ ಮೊಣಕಾಲಿನ ಪಟ್ಟಿಗೆ ಕೈಹಾಕಿದರು. ಅದೇ ಗ್ಲೌಸು.

ಡ್ರೆಸಿಂಗ್ ಸಿಸ್ಟರ್ ಹೊಸ ಗ್ಲೌಸು ಮತ್ತು ಬಾಟಲಿ ಎರಡನ್ನೂ ಮುಂದೆ ಹಿಡಿದರು. "ಸಾರ್, ಗ್ಲೌಸು."

"ಹಾಕ್ಕೊಂಡಿದ್ದೀನಲ್ಲ ಸಿಸ್ಟರ್."

"ಬದಲಾಯಿಸ್ಬೇಕಿತ್ತು ಸಾರ್."

ದೊಡ್ಡ ಡಾಕ್ಟರು ಫೋನು ಜೇಬಿಗೆ ಹಾಕಿ, ಸಾಹೇಬನ ಕಡೆ ತಿರುಗಿ ನಕ್ಕರು. "ಏನ್ ಇನ್ಸ್‌ಪೆಕ್ಟ್ರೇ, ನನ್ನನ್ನೂ ಬಸ್ಸಿಂದ ಇಳಿಸ್ತೀರಾ?"

ಸುತ್ತ ಇದ್ದವರು ನಕ್ಕರು. ಸಾಹೇಬ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. "ಬಸ್ಸೇ ನಿಮ್ಮದು ಸಾರ್" ಎಂದ.

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಹಾಸಿಗೆಯ ಮೇಲೆ ಇಲ್ಲದ ಸುಕ್ಕನ್ನು ಸರಿಮಾಡತೊಡಗಿದ. ಎರಡು ಹೊಲಿಗೆಗಳ ನಡುವೆ ಒಂದು ಹನಿ ರಕ್ತ ಜಿನುಗುತ್ತಿತ್ತು. ದೊಡ್ಡ ಡಾಕ್ಟರು ಆ ಜಾಗವನ್ನು ಬೆರಳಿಂದ ಒತ್ತಿ "ಬಹಳ ಚೆನ್ನಾಗಿ ಕೂಡ್ತಾ ಇದೆ" ಎಂದು ಮುಂದೆ ಹೋದರು.

ವಾರ ತುಂಬುವ ಮೊದಲೇ ಜ್ವರ ಬಂತು. ಮೊಣಕಾಲು ಊದಿ ಕುಂಬಳಕಾಯಿಯಾಯಿತು. ಹೊಲಿಗೆ ಬಿಚ್ಚಿದರು, ತೊಳೆದರು, ಮತ್ತೆ ತೊಳೆದರು. ತಂತಿ ತೆಗೆದರು. ತೊಳೆಯಲು ಒಳಗೆ ಕರೆದೊಯ್ದಾಗಲೆಲ್ಲ ಅವಳ ಕೂಗು ಹೊರಗಿನ ಬೆಂಚಿನವರೆಗೆ ಕೇಳುತ್ತಿತ್ತು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕೂತಿರುತ್ತಿದ್ದಳು. ಸಾಹೇಬ ಆ ಹೊತ್ತಿಗೆ ಬೇರೆ ವಾರ್ಡಿಗೆ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದ. ಸೋಂಕು ಕೀಲನ್ನೇ ತಿಂದುಹಾಕಿತು. ಕೊನೆಗೆ ತೊಡೆಯ ಮೂಳೆಗೂ ಕೆಳಕಾಲಿನ ಮೂಳೆಗೂ ಬೆಸುಗೆ ಹಾಕಿ, ಕಾಲನ್ನು ದೊಣ್ಣೆಯ ಹಾಗೆ ನೇರ ಮಾಡಿಬಿಟ್ಟರು. ಇನ್ನು ಅದು ಮಡಚುವುದಿಲ್ಲ.

"ಕೆಲವರ ದೇಹವೇ ಹಾಗೆ" ಎಂದರು ದೊಡ್ಡ ಡಾಕ್ಟರು.

ಸೋಂಕಿನ ಸಿಸ್ಟರ್ ಅದಕ್ಕೆ ಒಪ್ಪಲಿಲ್ಲ. ಮುದುಕನ ಪಾದದ ಕೀವಿನಲ್ಲಿ ಸಿಕ್ಕಿದ ರೋಗಾಣುವೇ ಹುಡುಗಿಯ ಮೊಣಕಾಲಿನಲ್ಲೂ ಇದೆ ಎಂದು ಲ್ಯಾಬಿನವರು ಹೇಳಿದ್ದರು. ಸಾಹೇಬನನ್ನು ಕರೆದು ಕೇಳಿದರು: "ಆವತ್ತು ನೀವು ಅಲ್ಲೇ ಇದ್ರಿ. ಯಾರ ಕೈಯಿಂದ ದಾಟಿರಬಹುದು?"

ಸಾಹೇಬ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿದ. "ಡ್ರೆಸಿಂಗ್ ಸಿಸ್ಟರ್" ಎಂದ. "ಮೊದಲಿಂದ್ಲೂ ನಾನು ಹೇಳ್ತಾನೇ ಇದ್ದೆ."

ಮಾತು ಮಧ್ಯಾಹ್ನದೊಳಗೆ ವಾರ್ಡು ಮುಟ್ಟಿತು. ಡ್ರೆಸಿಂಗ್ ಸಿಸ್ಟರ್ ಸಾಹೇಬನ ಹತ್ತಿರ ಬರಲಿಲ್ಲ, ಜಗಳವಾಡಲಿಲ್ಲ. ಮಗಳ ಹಾಸಿಗೆಯ ಬಳಿ ಹೋಗಿ, ಎಂದಿನಂತೆ ಕೈ ತೊಳೆದು ಪಟ್ಟಿ ಬದಲಾಯಿಸಿದರು. ಅವರ ಕಣ್ಣಲ್ಲಿ ನೀರು ನಿಂತದ್ದನ್ನು ಕಂಡು ಮಗಳೇ ಕೇಳಿ ವಿಷಯ ತಿಳಿದುಕೊಂಡಳು. ತಕ್ಷಣ ಸೋಂಕಿನ ಸಿಸ್ಟರನ್ನು ಕರೆಸಿದಳು.

"ಇವರು ಗ್ಲೌಸು, ಬಾಟಲಿ ಎರಡೂ ಹಿಡಿದ್ರು. ದೊಡ್ಡ ಡಾಕ್ಟ್ರು ತಗೊಳ್ಲಿಲ್ಲ. ನಮ್ಮಪ್ಪ ನೋಡ್ತಾ ನಿಂತಿದ್ರು. ಎಲ್ಲಿ ಬೇಕಾದ್ರೂ ಹೇಳ್ತೀನಿ."

ಆಡಳಿತದ ಕೋಣೆಯಲ್ಲಿ ಸಭೆ ಕರೆದರು. ಉದ್ದನೆ ಮೇಜು, ಒಂದು ಕಡೆ ಆಡಳಿತದವರು, ಇನ್ನೊಂದು ಕಡೆ ದೊಡ್ಡ ಡಾಕ್ಟರು ಮತ್ತು ಡ್ರೆಸಿಂಗ್ ಸಿಸ್ಟರ್. ಮಗಳನ್ನು ಗಾಲಿಕುರ್ಚಿಯಲ್ಲಿ ತಂದು ಕೂರಿಸಿದರು. ಚಾಚಿದ ಕಾಲಿಗೆ ಜಾಗ ಸಾಲದೆ ಬಾಗಿಲು ತೆರೆದೇ ಇಡಬೇಕಾಯಿತು.

ಸೋಂಕಿನ ಸಿಸ್ಟರ್ ಮೊದಲೇ ಹೇಳಿದರು: "ಯಾರನ್ನೂ ಶಿಕ್ಷೆ ಮಾಡೋಕೆ ಕರೆದಿಲ್ಲ. ತಪ್ಪು ಯಾರಿಂದ್ಲೂ ಆಗುತ್ತೆ. ಏನು ನಡೀತು ಅಂತ ಗೊತ್ತಾದ್ರೆ ನಾಳೆ ಇನ್ನೊಬ್ಬರ ಕಾಲು ಉಳಿಯುತ್ತೆ, ಅಷ್ಟೆ."

ಮಗಳು ತಾನು ಕಂಡದ್ದನ್ನು ಇದ್ದಂತೆ ಹೇಳಿದಳು. ದೊಡ್ಡ ಡಾಕ್ಟರು ಕೈಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು. ಮುಖ ಬಿಳಿಚಿತ್ತು. ಎಂದಿನ ಇಂಪಿಲ್ಲದ ದನಿಯಲ್ಲಿ ಹೇಳಿದರು: "ನನಗೆ ನಿಜವಾಗ್ಲೂ ನೆನಪಿಲ್ಲ. ಫೋನಲ್ಲಿದ್ದೆ. ಬದಲಾಯಿಸದೆ ಇದ್ದಿರಲೂಬಹುದು. ಇನ್ಸ್‌ಪೆಕ್ಟ್ರು ಅಲ್ಲೇ ಇದ್ರು, ನೋಡೋದೇ ಅವರ ಕೆಲಸ. ಅವರು ಏನು ಹೇಳ್ತಾರೋ ಅದಕ್ಕೆ ನಾನು ಒಪ್ತೀನಿ."

ಎಲ್ಲರೂ ಸಾಹೇಬನ ಕಡೆ ತಿರುಗಿದರು. ಬಾಗಿಲು ತೆರೆದಿಟ್ಟಂತಹ ಮಾತು ಅದು. ಹೌದು ಅಂದಿದ್ದರೆ ಮುಗಿಯುತ್ತಿತ್ತು, ಯಾರ ತಲೆಯೂ ಹೋಗುತ್ತಿರಲಿಲ್ಲ. ಆದರೆ ಸಾಹೇಬ ಕಂಡದ್ದೇ ಬೇರೆ. ಅಷ್ಟು ದೊಡ್ಡ ಮನುಷ್ಯ ತನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದಾನೆ. ಜೀವಮಾನದಲ್ಲಿ ಮುಂದಿನ ಸೀಟಿನವರು ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಮೈಯೊಳಗೆ ಏನೋ ಬೆಚ್ಚಗೆ ಹರಿಯಿತು.

"ಬದಲಾಯಿಸಿದ್ರಿ ಸಾರ್" ಎಂದ. "ನಾನೇ ಕಣ್ಣಾರೆ ನೋಡಿದೆ. ಮಗು ಆವತ್ತು ಜ್ವರದಲ್ಲಿದ್ಲು. ನೋವಿನ ಔಷಧಿ ಮಂಪರು ಬೇರೆ. ಏನೇನೋ ಕಂಡಿರುತ್ತೆ, ಪಾಪ."

ಮಗಳಿಗೆ ಆವತ್ತು ಜ್ವರವಿರಲಿಲ್ಲ. ಕೋಣೆಯಲ್ಲಿ ಅವನನ್ನು ಬಿಟ್ಟು ಅದನ್ನು ಹೇಳಬಲ್ಲವರು ಮೂವರಿದ್ದರು. ಮಗಳು, ಡ್ರೆಸಿಂಗ್ ಸಿಸ್ಟರ್ ಇಬ್ಬರ ಮಾತು ನಡೆಯುವಂಥದ್ದಲ್ಲ. ಮೂರನೆಯವರಾದ ದೊಡ್ಡ ಡಾಕ್ಟರು ನಿಡಿದಾಗಿ ಉಸಿರುಬಿಟ್ಟು ಕುರ್ಚಿಗೆ ಒರಗಿದರು. ಅವರ ಮುಖಕ್ಕೆ ರಕ್ತ ವಾಪಸು ಬಂತು.

ಡ್ರೆಸಿಂಗ್ ಸಿಸ್ಟರನ್ನು ವಾರ್ಡಿನಿಂದ ತೆಗೆದು ಬಟ್ಟೆಯ ಉಗ್ರಾಣಕ್ಕೆ ಹಾಕಿದರು. ಅಷ್ಟು ವರ್ಷ ಗಾಯ ಕಟ್ಟಿದ ಕೈ ಚಾದರ ಮಡಚತೊಡಗಿತು. ದೊಡ್ಡ ಡಾಕ್ಟರ ಕಡೆಯಿಂದ ಸಾಹೇಬನಿಗೆ ಹೊಸ ಕೆಲಸ ಬಂತು. ಹೊಸದಾಗಿ ಸೇರಿದವರಿಗೆಲ್ಲ ಕೈ ತೊಳೆಯುವುದರ ಬಗ್ಗೆ ಪಾಠ ಹೇಳುವುದು. ಎದೆಗೆ ಒಂದು ಬಿಲ್ಲೆ, ಕೂರಲು ಸ್ಟೂಲಿನ ಬದಲು ಕುರ್ಚಿ. ಇಷ್ಟಾದ ಮೇಲೆ ದೊಡ್ಡ ಡಾಕ್ಟರಾದರೂ ತಿದ್ದಿಕೊಂಡಾರು ಎಂದು ಯಾರಾದರೂ ಅಂದುಕೊಂಡಿದ್ದರೆ, ಅದೂ ಆಗಲಿಲ್ಲ. ಅವರು ಕೆಲವು ದಿನ ಬಾಟಲಿ ಮುಟ್ಟಿದರು. ಆಮೇಲೆ ಬಿಟ್ಟರು. ಇನ್ನು ಅವರ ಮುಂದೆ ಗ್ಲೌಸು ಹಿಡಿದು "ಸಾರ್" ಎನ್ನುವವರು ವಾರ್ಡಿನಲ್ಲಿ ಉಳಿದಿರಲಿಲ್ಲ. ಅದೇ ಮಳೆಗಾಲದಲ್ಲಿ ಸೊಂಟ ಮುರಿದು ಬಂದ ಅಜ್ಜಿಯೊಬ್ಬರು ಕೀವಾಗಿ ತೀರಿಕೊಂಡರು. ಸೋಂಕಿನ ಸಿಸ್ಟರ್ ಬೇರೆ ಊರಲ್ಲಿ ಕೆಲಸ ನೋಡಿಕೊಂಡರು. ಹೊರಡುವ ದಿನ ಸಾಹೇಬನ ಎದುರು ನಿಂತು ಹೇಳಿದರು: "ನಿಮ್ಮನ್ನ ಕರ್ಕೊಂಡು ಬಂದಿದ್ದು ನಾನು. ನಿಮ್ಮ ಕಣ್ಣು ನೋಡಿದೆ. ಬೆನ್ನು ಯಾರ ಮುಂದೆ ಬಗ್ಗುತ್ತೆ ಅಂತ ನೋಡ್ಲಿಲ್ಲ."

ಮನೆಗೆ ಬಂದ ಮೇಲೆ ಮಗಳು ಅಪ್ಪನ ಜೊತೆ ಮಾತು ನಿಲ್ಲಿಸಲಿಲ್ಲ. ಅವನು ಚಹಾ ಕೊಡು ಅಂದರೆ ಅಮ್ಮನಿಗೆ ಹೇಳುತ್ತಿದ್ದಳು, ಫ್ಯಾನು ಹಾಕು ಅಂದರೆ ಹಾಕಿಸುತ್ತಿದ್ದಳು. ಸಾಹೇಬನಿಗೆ ಧೈರ್ಯ ಬಂತು. ಒಂದು ಬೆಳಿಗ್ಗೆ ಅವಳ ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತ.

"ನೋಡು ಮಗಳೇ, ದೊಡ್ಡೋರ ವಿಷಯ. ಹೆದರಿಕೆ ಆಗುತ್ತೆ. ನಿನ್ನ ಕಾಲನ್ನ ಮುಂದೆ ಅವರೇ ನೋಡ್ಬೇಕಲ್ಲ ಅಂತ..."

"ಹೆದರಿದ್ದೆ ಅಂದಿದ್ರೆ ನಾನು ಸುಮ್ನಾಗ್ತಿದ್ದೆ ಅಪ್ಪ" ಎಂದಳು ಮಗಳು. "ನನ್ನ ಹತ್ರ ದಿನಾ ಹೆದರೋರೇ ಬರ್ತಿದ್ರು. ಹೆದರಿದ ಮುಖ ನನಗೆ ಗೊತ್ತು. ನಿನಗೆ ಆವತ್ತು ಹೆದರಿಕೆ ಆಗಿರ್ಲಿಲ್ಲ. ಅವರು ನಿನ್ನ ಜೊತೆ ತಮಾಷೆ ಮಾಡಿದ್ರು ಅಂತ ಖುಷಿಯಾಗಿತ್ತು. ಮೀಟಿಂಗಲ್ಲೂ ಅಷ್ಟೇ. ಖುಷಿಯಾಗಿತ್ತು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಕೇಳಿದ್ದು ಒಂದೇ ಮಾತು: "ಹೌದೇನ್ರೀ?"

ಅವನು "ಊಟಕ್ಕೆ ಏನು ಮಾಡಿದ್ದೀಯ" ಎಂದ.

ತಾಯಿ ಮಗಳು ಬೇರೆ ಮನೆ ಹಿಡಿದರು. ಈ ಮನೆ ಮಹಡಿಯ ಮೇಲೆ, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಕೇಳಿದವರಿಗೆ ಹೇಳಿದರು. ಡ್ರೈವಿಂಗ್ ಸ್ಕೂಲಿನವರು ಒಳ್ಳೆಯವರು. ರಸ್ತೆಯ ನಿಯಮ, ಚಿಹ್ನೆಗಳ ಪಾಠ ಮಾಡು ಎಂದರು. ಕೂತುಕೊಂಡೇ ಮಾಡುವ ಕೆಲಸ. ಪಕ್ಕದ ಸೀಟಿಗೆ ಈಗ ಬೇರೆಯವರು. ಅವಳ ಹತ್ತಿರ ಕಲಿಯುತ್ತಿದ್ದ ಹೆಂಗಸರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಕಾರು ಗುದ್ದಿದ ಆ ಹೆಂಗಸು ಮಾತ್ರ ಬಂದು, ಅವಳ ನೇರ ಕಾಲನ್ನು ನೋಡಿ, ಎಲ್ಲ ತನ್ನಿಂದಲೇ ಆದದ್ದು ಎಂದು ಅತ್ತಳು. ಮಗಳು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಈಗಲೂ ಹಾಗೇ ಅಂದುಕೊಂಡಿದ್ದಾಳೆ.

ಸಾಮಾನು ಸಾಗಿಸಿದ ದಿನ ಸಾಹೇಬ ತಾನೂ ಮಂಚದ ಒಂದು ಕಡೆ ಹಿಡಿದು ಕೆಳಗಿಳಿಸಿದ. ವ್ಯಾನಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ್ದರು. ಮಗಳು ಮೊದಲು ಬೆನ್ನು ಒಳಗಿಟ್ಟು, ಆಮೇಲೆ ಎರಡೂ ಕೈಯಲ್ಲಿ ಕಾಲನ್ನು ಎತ್ತಿ, ಬೇರೆ ಯಾರದೋ ವಸ್ತುವನ್ನು ಇಡುವ ಹಾಗೆ ಒಳಗಿಟ್ಟುಕೊಂಡಳು. ಸಾಹೇಬ ಕಿಟಕಿಯ ಹತ್ತಿರ ಬಂದ.

"ಭಾನುವಾರ ಬರ್ಲಾ?"

"ಅಮ್ಮನ್ನ ಕೇಳು" ಎಂದಳು.

ಅಮ್ಮ ಹಿಂದಿನ ಸೀಟಿನಲ್ಲಿ ಪಾತ್ರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ನೋಡುತ್ತಿದ್ದಳು. "ಹೊರಡಪ್ಪ" ಎಂದು ಡ್ರೈವರಿಗೆ ಹೇಳಿದಳು.

ಸಾಹೇಬನಿಗೆ ಆ ದಿನ ಹೊಸಬರಿಗೆ ಪಾಠ ಮಾಡುವುದಿತ್ತು. ಅಂಗಿ ಬದಲಾಯಿಸಿ, ಬಿಲ್ಲೆ ಚುಚ್ಚಿಕೊಂಡು, ಹೊತ್ತಿಗೆ ಸರಿಯಾಗಿ ಹೋದ. ತಡವಾಗಿ ಬಂದ ಹುಡುಗಿಯೊಬ್ಬಳನ್ನು ಎಲ್ಲರ ಮುಂದೆ ನಿಲ್ಲಿಸಿ, ಯಾಕೆ ತಡವಾಯಿತು ಎಂದು ಅವಳು ಅಳುವವರೆಗೂ ಕೇಳಿದ.